ಎಡತೋಳು ಒಂದಿಂಚು ಕಡಿಮೆ

ಆ ಗುರುವಾರ ದರ್ಜಿ ವೈಜಿನಾಥನಿಗೆ ಒಂದಿಷ್ಟು ಜ್ವರವಾದರೂ ಬಂದು ಮಲಗಿಸಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಏನೂ ಬರಲಿಲ್ಲ. ಬೆಳಿಗ್ಗೆ ಎದ್ದು, ಮುಖ ತೊಳೆದು, ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು, ಊದಿನಕಡ್ಡಿ ಹಚ್ಚಿ ಕೂತ. ಅಷ್ಟರಲ್ಲಿ ಹುಮನಾಬಾದದ ಮೋಟಾರಿನವನು ಬಂದು ಒಂದು ಗಂಟನ್ನು ಅಂಗಡಿಯ ಕಟ್ಟೆಯ ಮೇಲೆ ಒಗೆದು ಹೋದ.

ಗಂಟಿನೊಳಗೆ ಹಸಿರು ಬಟ್ಟೆ, ಹನ್ನೊಂದು ಅಳತೆ ಚೀಟಿ, ಜೊತೆಗೆ ಹುಮನಾಬಾದದ ಕಾಳಿನ ಅಡತಿ ವ್ಯಾಪಾರದ ಸಾಹುಕಾರ ಮಹಾರುದ್ರಪ್ಪನ ಒಂದು ಕಾಗದ. ತಮ್ಮೂರಿನ ದರ್ಜಿಗೆ ಕಣ್ಣುಬೇನೆ ಬಂದಿದೆ, ಆದ್ದರಿಂದ ತಮ್ಮ ಫುಟ್ಬಾಲ್ ಟೀಮಿನ ಹನ್ನೊಂದು ಅಂಗಿಗಳನ್ನು ಶನಿವಾರದೊಳಗೆ ಹೊಲಿದು ಕಳಿಸಬೇಕು ಎಂದು ಬರೆದಿತ್ತು. ಆದಿತ್ಯವಾರ ಅದೇ ಟೀಮು ಬಸವಕಲ್ಯಾಣಕ್ಕೆ ಬಂದು, ಕೋಟೆಯ ಕೆಳಗಿನ ಬಯಲಿನಲ್ಲಿ ಕಲ್ಯಾಣದವರ ಮೇಲೆ ಆಡುವುದಿತ್ತು. ವೈರಿಗಳ ಅಂಗಿ ಹೊಲಿಯಬೇಕೋ ಬೇಡವೋ ಎಂದು ವೈಜಿನಾಥ ತುಸು ಹೊತ್ತು ಯೋಚಿಸಿದ. ಬಟ್ಟೆಯೇ ಸಿಗದ ಯುದ್ಧದ ಕಾಲ. ಮಷಿನ್ನು ಒಂದು ವಾರದಿಂದ ಸುಮ್ಮನೆ ಕೂತಿತ್ತು. ಕತ್ತರಿಗೆ ಯಾವ ಊರಿನ ಬಟ್ಟೆಯಾದರೇನು ಎಂದುಕೊಂಡು ಕನ್ನಡಕ ಏರಿಸಿ, ಚೀಟಿಗಳನ್ನು ಒಂದೊಂದಾಗಿ ಓದತೊಡಗಿದ.

ಹತ್ತು ಚೀಟಿ ಸರಿಯಾಗಿಯೇ ಇದ್ದವು. ಹನ್ನೊಂದನೆಯದರಲ್ಲಿ ಕೊರಳು ಓದಿದ, ಹೆಗಲು ಓದಿದ, ತೋಳಿಗೆ ಬಂದ. ಬಲತೋಳು ಹತ್ತು ಇಂಚು, ಎಡತೋಳು ಒಂಬತ್ತು. ಅವನ ಕಣ್ಣು ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಕಲ್ಯಾಣ ಹುಮನಾಬಾದ ಎರಡನ್ನೂ ಜಾಲಾಡಿದರೂ ಎಡಗೈ ಒಂದಿಂಚು ಗಿಡ್ಡವಿರುವ ಫುಟ್ಬಾಲ್ ಆಟಗಾರ ಒಬ್ಬನೇ. ಅವನು ಕಲ್ಯಾಣದ ಅಜೀಮುದ್ದೀನ್. ಚಿಕ್ಕವನಿದ್ದಾಗ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡಿದ್ದ. ಮುಡಬಿಯ ನಾಟಿ ವೈದ್ಯ ಪಟ್ಟಿ ಕಟ್ಟಿದ ಮೇಲೆ ಕೈ ಕೂಡಿತು, ಆದರೆ ಬೆಳೆಯಲು ಮರೆತುಬಿಟ್ಟಿತು. ಕೈಗೆ ಬೆಳೆಯಬೇಕಾದದ್ದೆಲ್ಲ ಕಾಲಿಗೆ ಬೆಳೆಯಿತು ಎಂದು ಊರವರು ಹೇಳುತ್ತಿದ್ದರು. ಹೋದ ದಸರೆಗೆ ಹುಮನಾಬಾದದ ಮೇಲೆ ಬರಿಗಾಲಿನಲ್ಲಿ ಐದು ಗೋಲು ಹೊಡೆದವನು ಅವನೇ. ಆರು ವರ್ಷಗಳಿಂದ ಅವನ ಅಂಗಿ ಹೊಲಿಯುತ್ತಿದ್ದವನು ವೈಜಿನಾಥ.

ವೈಜಿನಾಥನಿಗೆ ಅಜೀಮುದ್ದೀನ್ ಬರೀ ಆಟಗಾರನಾಗಿರಲಿಲ್ಲ. ಎರಡು ವರ್ಷದ ಹಿಂದೆ ಕಾಲರಾ ಬಂದಾಗ ವೈಜಿನಾಥನ ಹೆಂಡತಿ ಗಯಾಬಾಯಿ ಹಾಸಿಗೆ ಹಿಡಿದಳು. ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು. ಬಂಡಿ ಸಿಕ್ಕಿತು, ಎತ್ತು ಕೊಡುವವರು ಸಿಗಲಿಲ್ಲ. ಆಗ ಅಜೀಮುದ್ದೀನ್ ಬಂದು ತಾನೇ ನೊಗಕ್ಕೆ ಹೆಗಲು ಕೊಟ್ಟು, ಆಕೆಯನ್ನು ದವಾಖಾನೆಗೆ ಎಳೆದೊಯ್ದ. ಹೆಂಡತಿ ಬದುಕಿ ಎದುರಿಗೆ ಓಡಾಡುವುದನ್ನು ಕಂಡಾಗಲೆಲ್ಲ ವೈಜಿನಾಥ ಅವನನ್ನು ನೆನೆದು ಕೈ ಮುಗಿಯುತ್ತಿದ್ದ. ಅಂಥವನು ಊರು ಬಿಟ್ಟು ವೈರಿಗಳ ಹಸಿರು ಅಂಗಿ ತೊಡುವುದೆಂದರೆ!

ಗಿರಾಕಿಯ ಅಳತೆ ಟೇಪಿಗೂ ದರ್ಜಿಗೂ ಮಾತ್ರ ಗೊತ್ತಿರಬೇಕು ಎಂದು ಅವನ ಅಪ್ಪ ಸಾಯುವಾಗಲೂ ಹೇಳಿದ್ದ. ಆದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದ ಮಾತು ಇದು. ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರಿಸಿದ.

“ಏನಾತ್ರಿ? ಮಾರಿ ಯಾಕ ಹಿಂಗಾಗೇದ?” ಎಂದಳು ಗಯಾಬಾಯಿ.

“ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮ ಅಜೀಮು ಹುಮನಾಬಾದದ ಟೀಮಿಗೆ ಹೊಂಟಾನ.”

“ಅಯ್ಯ ಶಿವನ! ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅಂವನ ತೋಳು ಹೇಳ್ತು.”

ತುಳಜಾ ಭವಾನಿಯ ಆಣೆ ಇಟ್ಟು ಗಯಾಬಾಯಿ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯಿಯಲ್ಲೇ ಅತ್ತಳು. ಪಕ್ಕದ ಮನೆಯ ಕಸ್ತೂರಿಬಾಯಿ ಯಾಕೆ ಅಳುತ್ತೀ ಎಂದು ಕೇಳಿದಾಗ ಹೇಳದೆ ಇರುವುದು ಹೇಗೆ? ಅವಳೊಬ್ಬಳಿಗೇ ಹೇಳಿದಳು. ಕಸ್ತೂರಿಬಾಯಿಯಂತೂ ಮಾತು ಉಳಿಸುವವಳು. ಯಾರಿಗೂ ಹೇಳಲಿಲ್ಲ, ಬಾವಿಗೆ ನೀರಿಗೆ ಬಂದವರಿಗಷ್ಟೇ ಹೇಳಿದಳು.

ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಸುದ್ದಿ ಬಂಡೆಪ್ಪನ ಚಹಾದ ಹೋಟೆಲಿಗೆ ಬಂದಿತ್ತು. ಬಂಡೆಪ್ಪ ಕಲ್ಯಾಣದ ಟೀಮಿಗೆ ಸೆಕ್ರೆಟರಿ. ಯಾರು ಮಾಡಿದರು ಎಂದು ಯಾರೂ ಕೇಳಿರಲಿಲ್ಲ. ಟೀಮಿಗೆ ಪುಕ್ಕಟೆ ಚಹಾ ಕೊಡುವವನು ಅವನೊಬ್ಬನೇ ಆಗಿದ್ದರಿಂದ ಕೇಳುವ ಧೈರ್ಯವೂ ಇರಲಿಲ್ಲ.

“ಸಾಹುಕಾರ ಅಂವಗ ಸೈಕಲ್ ಕೊಡತಾನಂತ,” ಎಂದ ಬಂಡೆಪ್ಪ, ತಾನೇ ಸೈಕಲ್ಲಿಗೆ ಗಾಳಿ ಹಾಕಿ ಬಂದವನಂತೆ.

“ಸೈಕಲ್ ಅಲ್ಲೋ, ಕುದರಿ,” ಎಂದ ಕ್ಷೌರಿಕ ತುಳಜಾರಾಮ. ಟೀಮಿನಲ್ಲಿ ಗೋಲು ಕಾಯುವವನು ಇವನೇ. “ಮೊನ್ನೆ ನನ್ನ ಹತ್ರ ಕ್ಷೌರಕ್ಕ ಬಂದಿದ್ದ. ಯಾವಾಗಲೂ ಹಿಂದ ಸಣ್ಣದ ಮಾಡ್ರಿ ಅಂತಿದ್ದ. ಈ ಸಲ ತುಟಿ ಪಿಟಕ್ಕನಲಿಲ್ಲ. ಅವತ್ತ ನನಗ ಡೌಟ್ ಬಂತು, ಮನಸ್ಸು ಕಲ್ಯಾಣದಾಗ ಇಲ್ಲ ಅಂತ.”

“ನನ್ನ ಹೋಟೆಲಿಗೂ ಹದಿನೈದು ದಿನದಿಂದ ಬಂದಿಲ್ಲ.”

“ಅಂವನ ತಾಯಿ ಹಜಿರಾ ಬೀ ಮೂರು ಕೋಳಿ ಮಾರ್ಯಾಳ,” ಎಂದು ಮೂಲೆಯಿಂದ ಒಬ್ಬ ಕೂಗಿದ.

ಕೋಳಿಯ ಮಾತು ಬಂದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಗಂಟುಮೂಟೆ ಕಟ್ಟುವವರು ಕೋಳಿ ಇಟ್ಟುಕೊಂಡು ಏನು ಮಾಡುತ್ತಾರೆ? ಆಗ, ಶಾಲೆಯಿಂದ ನಿವೃತ್ತರಾಗಿದ್ದ ಮುದುಕ ನಾಗನಾಥ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಹೈದರಾಬಾದಿನಿಂದ ವಾರಕ್ಕೊಂದು ಹಳೆಯ ಪತ್ರಿಕೆ ತರಿಸಿ ಓದುತ್ತಿದ್ದ ಅವರಿಗೆ ಯಾವ ಸುದ್ದಿಯೂ ಚಿಕ್ಕದಾಗಿ ಕಾಣುತ್ತಿರಲಿಲ್ಲ.

“ಹುಮನಾಬಾದ ಬರೇ ನೆಪ. ಇಲ್ಲಿಂದ ಹುಮನಾಬಾದ, ಅಲ್ಲಿಂದ ಹೈದರಾಬಾದ, ಅಲ್ಲಿಂದ ನೆಟ್ಟಗ ಕಲ್ಕತ್ತಾ. ಗೋರಾ ಸಾಹೇಬರ ಸಂಗಟ ಬೂಟು ಹಾಕ್ಕೊಂಡು ಆಡತಾನ, ಬರದಿಟ್ಟುಕೋರಿ.”

“ಬೂಟು ಹಾಕ್ಕೊಂಡ್ರ ಅಂವ ಬೀಳತಾನ್ರಿ ಮಾಸ್ತರ.”

“ಬೀಳಲಿ. ಕಲ್ಕತ್ತಾದಾಗ ಬೀಳೋದಂದ್ರ ಸಣ್ಣ ಮಾತಲ್ಲ.”

ಕಲ್ಕತ್ತಾ ಎಂಬುವವರು ಒಂದು ಬೆಂಚಿಗೆ, ಹುಮನಾಬಾದ ಎಂಬುವವರು ಇನ್ನೊಂದು ಬೆಂಚಿಗೆ ಸರಿದು ಕೂತರು. ಮಾತಿಗೆ ಮಾತು ಬೆಳೆದು ಎರಡು ಕಪ್ಪು-ಬಸಿ ಒಡೆದವು. ಕೊನೆಗೆ, ಮೊದಲು ಈ ಸುದ್ದಿ ತಂದವನು ಯಾರು ಎಂಬ ಪ್ರಶ್ನೆ ಎದ್ದಿತು. ನಾಲ್ಕು ಜನ ಹೋಗಿ ವೈಜಿನಾಥನನ್ನು ಮಷಿನ್ನಿನಿಂದ ಎಬ್ಬಿಸಿ, ಕೊರಳಲ್ಲಿ ಟೇಪು ಜೋತಾಡುತ್ತಿರುವಂತೆಯೇ ಕರೆತಂದರು.

“ಖರೇ ಏನೋ?” ಎಂದ ಬಂಡೆಪ್ಪ.

ವೈಜಿನಾಥ ಚೀಟಿ ತೋರಿಸಿದ. ಚೀಟಿ ಕೈಯಿಂದ ಕೈಗೆ ಹೋಯಿತು; ಎಲ್ಲರೂ ತೋಳಿನ ಸಾಲಿಗೆ ಬೆರಳಿಟ್ಟು ಓದಿ ಲೊಚಗುಟ್ಟಿದರು.

“ಅಲ್ರಿ, ಇಷ್ಟೆಲ್ಲ ಯಾಕ? ಅಜೀಮುನ್ನೇ ಕೇಳಿಬಿಡೋಣಲ್ಲ?” ಎಂದ ವೈಜಿನಾಥ.

ಎಲ್ಲರೂ ಅವನನ್ನು ತಲೆ ಕೆಟ್ಟವನಂತೆ ನೋಡಿದರು. “ನಾವಾಗಿ ಹೋಗಿ ಕೇಳೋದಾ? ಊರಿನ ಇಜ್ಜತ್ ಏನಾಗಬೇಕು?” ಎಂದು ಮಾಸ್ತರರು ಗದರಿದರು. “ಉಪಾಯ ನಾ ಹೇಳತೀನಿ. ಮಧ್ಯಾಹ್ನದ ಮೋಟಾರಿಗೆ ನೀ ಹುಮನಾಬಾದಕ್ಕ ಹೋಗು. ಅಂಗಿಗೆ ಗುಂಡಿ ಎಷ್ಟು ಹಚ್ಚಲಿ ಅಂತ ಸಾಹುಕಾರನ್ನ ಕೇಳು. ಮಾತಿನ್ಯಾಗ ಮಾತು ಬಂತು ಅನ್ನೋಹಂಗ, ಅಜೀಮುದ್ದೀನನ ಮೊಣಕಾಲು ಹೋಗೇದ, ಇನ್ನ ಆಡಾಕ ಬರಾಂಗಿಲ್ಲ ಅನ್ನು. ಸಾಹುಕಾರ ತಾನ ಕೈ ಬಿಡತಾನ.”

“ಅಂವನ ಮ್ಯಾಲ ಸುಳ್ಳು ಹೇಳಲ್ಯಾ? ನನ್ನ ಹೆಣ್ತೀನ ಉಳಿಸಿದಂವರಿ ಅಂವ!”

“ಅದಕ್ಕ ಹೇಳು ಅನ್ನಾಕತ್ತೀವಿ. ಅಂವ ಇಲ್ಲೇ ಉಳಿದ್ರ ದಿನಾ ಅಂವಗ ಕೈ ಮುಗಿಬೌದಲ್ಲ?”

ವೈಜಿನಾಥ ಮೋಟಾರು ಹಿಡಿಯಲು ಎದ್ದ. ಅಜೀಮು ಇಲ್ಲದ ಕಲ್ಯಾಣವನ್ನು ನೆನೆದರೆ ಅವನಿಗೂ ಎದೆ ಒಡೆಯುತ್ತಿತ್ತು.

ಯುದ್ಧದಿಂದಾಗಿ ಪೆಟ್ರೋಲು ಇಲ್ಲ. ಮೋಟಾರಿನ ಬೆನ್ನಿಗೆ ಒಂದು ದೊಡ್ಡ ಡಬ್ಬಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ರಾಜೇಶ್ವರದ ಹತ್ತಿರ ಸಣ್ಣದೊಂದು ಏರು ಕಂಡದ್ದೇ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ತಳ್ಳಿದರು. ವೈಜಿನಾಥನಿಗೆ ಸಿಕ್ಕ ಜಾಗ ಇದ್ದಿಲಿನ ಡಬ್ಬಿಯ ಮಗ್ಗುಲು. ಏರು ಮುಗಿಯುವಷ್ಟರಲ್ಲಿ ಅವನ ಬಿಳಿ ಧೋತರ, ಬಿಳಿ ಟೊಪ್ಪಿಗೆ, ಮುಖ ಎಲ್ಲ ಒಂದೇ ಬಣ್ಣವಾಗಿದ್ದವು.

ಪಕ್ಕದಲ್ಲಿ ತಳ್ಳುತ್ತಿದ್ದ ರೈತನೊಬ್ಬ ಏದುಸಿರು ಬಿಡುತ್ತ ಕೇಳಿದ: “ಸುದ್ದಿ ಕೇಳಿದ್ರೇನ್ರಿ? ಕಲ್ಯಾಣದಾಗ ಯಾವನೋ ದರ್ಜಿ ಅಜೀಮುದ್ದೀನನ್ನ ಹುಮನಾಬಾದದವರಿಗೆ ಮಾರಿಬಿಟ್ಟಾನಂತ.”

“ಯಾವ ದರ್ಜಿ?”

“ಹೆಸರು ಗೊತ್ತಿಲ್ರಿ. ಕೈಗೆ ಸಿಕ್ಕರ ನಾಕು ಬಾರಿಸಬೇಕಂತೀನಿ.”

“ಬಾರಿಸಬೇಕ್ರಿ, ಬಾರಿಸಬೇಕು,” ಎಂದ ವೈಜಿನಾಥ, ಕೊರಳಲ್ಲಿದ್ದ ಟೇಪನ್ನು ಮೆಲ್ಲಗೆ ಎಳೆದು ಕಿಸೆಗೆ ತುರುಕುತ್ತ.

ಹುಮನಾಬಾದದ ಅಡತಿ ಅಂಗಡಿಯಲ್ಲಿ ಮಹಾರುದ್ರಪ್ಪ ಸಾಹುಕಾರ ಗಾದಿಯ ಮೇಲೆ ಒರಗಿದ್ದ. ಹಣೆಯ ತುಂಬ ವಿಭೂತಿ, ಮೈ ತುಂಬ ಗಾತ್ರ. ಬಾಗಿಲಲ್ಲಿ ನಿಂತ ಕಪ್ಪು ಆಕೃತಿಯನ್ನು ಕಂಡು, “ಇದ್ದಿಲು ಬ್ಯಾಡೋ, ಮುಂದ ಹೋಗು,” ಎಂದ.

“ನಾ ಕಲ್ಯಾಣದ ದರ್ಜಿ ವೈಜಿನಾಥ ಅದೀನ್ರಿ ಸಾಹುಕಾರ್ರ.”

ಸಾಹುಕಾರ ನಕ್ಕು, ಒಂದು ತಂಬಿಗೆ ನೀರು ಕೊಡಿಸಿದ. ಮುಖ ತೊಳೆದ ವೈಜಿನಾಥ ದಾರಿಯುದ್ದಕ್ಕೂ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ: “ಅಂಗಿಗೆ ಗುಂಡಿ ಎಷ್ಟು ಹಚ್ಚಲಿರಿ ಮತ್ತ ಅಜೀಮುದ್ದೀನನ ಮೊಣಕಾಲು ಹೋಗೇದ್ರಿ.”

ಸಾಹುಕಾರ ಗಾದಿಯ ಮೇಲೆ ಎದ್ದು ಕೂತ. “ಗುಂಡಿ ಮೂರು ಹಚ್ಚು. ಮೊಣಕಾಲಿನ ಸುದ್ದಿ ನನಗ್ಯಾಕ?”

“ಅಂವ ನಿಮ್ಮ ಟೀಮಿಗೆ ಬರಾಕತ್ತಾನಲ್ರಿ. ಹೊಲಿದ ಅಂಗಿ ದಂಡ ಆಗಬಾರದು ನೋಡ್ರಿ, ಅದಕ್ಕ ಹೇಳಿದೆ.”

“ನಮ್ಮ ಟೀಮಿಗಾ? ಯಾರು ಅಂದ್ರು?”

ವೈಜಿನಾಥ ಚೀಟಿ ಮುಂದಿಟ್ಟ. ಸಾಹುಕಾರ ಅದನ್ನು ನೋಡಿದ, ಮತ್ತೊಮ್ಮೆ ನೋಡಿದ, ಆಮೇಲೆ ಗಾದಿ ಅಲುಗಾಡುವ ಹಾಗೆ ನಗತೊಡಗಿದ.

“ಅಯ್ಯೋ ಹುಚ್ಚಪ್ಪ! ಇದು ನನ್ನ ತಂಗಿ ಮಗಂದು. ಹೋದ ದಸರಾಕ್ಕ ನಿಮ್ಮ ಅಜೀಮು ಐದು ಗೋಲು ಬಡದ ನೋಡು, ಅವತ್ತಿಂದ ಅಂವನ ಅಂಗೀನ ಇಂವನ ಕಣ್ಣಾಗ ಕೂತದ. ಎಡತೋಳು ಗಿಡ್ಡ ಇದ್ರ ಗಾಳಿ ತಡ್ಯಾಂಗಿಲ್ಲಂತ, ಕಾಲು ಹಗುರ ಆಗತಾವಂತ. ನನಗೂ ಹಂಗ ಹೊಲಿಸು ಮಾವಾ ಅಂತ ಹಟ ಹಿಡದ. ಏನು ಮಾಡಲಿ? ಕೈ ಎರಡೂ ಸಮ ಅದಾವು, ತಲಿ ಒಂದಿಂಚು ಕಮ್ಮಿ. ಅಲ್ಲೋ ದರ್ಜಿ, ಹೊಟ್ಟಿ ಅಳತಿ ಓದಿದ್ಯೇನು?”

“ಇಲ್ರಿ.”

“ಓದು.”

ವೈಜಿನಾಥ ಓದಿದ. ಹೊಟ್ಟೆ ನಲವತ್ತೆರಡು ಇಂಚು ಎಂದಿತ್ತು. ಅಜೀಮುದ್ದೀನನಂಥವರು ಇಬ್ಬರು ಆ ಅಂಗಿಯೊಳಗೆ ಕೂತು ಮಾತಾಡಬಹುದಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದವನು ಒಂದು ಚೀಟಿಯನ್ನು ಕೊನೆಯವರೆಗೆ ಓದಲಿಲ್ಲ. ಇಡೀ ಹೋಟೆಲು ಓದಲಿಲ್ಲ.

ನಾಚಿಕೆಯೇನೋ ಆಯಿತು, ಆದರೆ ಅದರ ಹಿಂದೆಯೇ ಎಂಥ ಸಂತೋಷ! ಅಜೀಮು ಎಲ್ಲಿಗೂ ಹೋಗುತ್ತಿಲ್ಲ! ವೈಜಿನಾಥ ಎದ್ದು ಸಾಹುಕಾರನ ಕಾಲು ಮುಟ್ಟಿ, “ದೊಡ್ಡ ಉಪಕಾರ ಆತ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ, ನಿಮ್ಮ ತಂಗಿ ಮಗನ ಹೊಟ್ಟೀನೂ ತಣ್ಣಗಿರಲಿ,” ಎಂದು ಬಾಗಿಲ ಕಡೆ ಓಡಿದ.

“ನಿಂದ್ರು,” ಎಂದ ಸಾಹುಕಾರ. ನಗು ನಿಂತಿತ್ತು. “ಬಾ, ಕೂಡು. ಅಂವ ಬರತಾನೇನು?”

“ಯಾರ್ರಿ?”

“ಅಜೀಮು. ಇಷ್ಟು ದಿನ ಅಂವ ಕಲ್ಯಾಣ ಬಿಟ್ಟು ಬರಾಂಗಿಲ್ಲ ಅಂತ ನಾ ಆ ವಿಚಾರನ ಮಾಡಿರಲಿಲ್ಲ. ಈಗ ನಿಮ್ಮೂರವರ ಅಂವ ಹೋಗತಾನ ಅಂತ ನಂಬ್ಯಾರಂದ್ರ, ಕೇಳಿ ನೋಡಬೇಕಲ್ಲ?”

ವೈಜಿನಾಥ ಬಾಗಿಲಿನಿಂದ ತಿರುಗಿ ಬಂದ. “ಮೊಣಕಾಲು ಹೋಗೇದ್ರಿ!”

“ಕುಂಟ ಎತ್ತಿನ ಹೆಸರು ಕೆಡಸಾಕ ಯಾರೂ ಹತ್ತು ಕೋಸು ಬರಾಂಗಿಲ್ಲೋ ದರ್ಜಿ. ಆತು, ನಿನ್ನ ಮಾತ ಖರೇ ಅನ್ನೋಣ. ಅಗೋ, ಅಲ್ಲಿ ವೀರಭದ್ರನ ಗುಡಿ ಕಾಣಸ್ತದ. ಅದರ ಕಡಿ ಮಾರಿ ಮಾಡಿ ಹೇಳು. ಮೊಣಕಾಲು ಹೋಗೇದ ಅಂದ್ರ ನಾ ಇನ್ನ ಅಂವನ ಹೆಸರು ಎತ್ತಾಂಗಿಲ್ಲ. ನನಗೂ ತೂಕ ಮಾಡಾಕ ಒಬ್ಬ ನಂಬಿಗಸ್ತ ಬೇಕಾಗ್ಯಾನ, ತಿಂಗಳಿಗೆ ಒಂದು ಚೀಲ ಜೋಳ, ಹಿತ್ತಲದಾಗ ಇರಾಕ ಒಂದು ಖೋಲಿ. ಬ್ಯಾರೆಯವರನ್ನ ನೋಡತೀನಿ.”

ವೈಜಿನಾಥ ಗುಡಿಯ ಕಡೆ ತಿರುಗಿ ಕೈ ಜೋಡಿಸಿದ. ಹೋಗೇದ್ರಿ ಎಂಬ ಒಂದೇ ಮಾತು ಸಾಕಿತ್ತು. ಅಜೀಮು ಊರಲ್ಲೇ ಉಳಿಯುತ್ತಿದ್ದ, ಆದಿತ್ಯವಾರ ಗೋಲು ಹೊಡೆಯುತ್ತಿದ್ದ, ಊರು ಅವನನ್ನು ಹೊತ್ತು ಕುಣಿಯುತ್ತಿತ್ತು.

ಆದರೆ ಒಂದು ಚೀಲ ಜೋಳ ಎಂಬ ಮಾತು ಅವನ ಕಿವಿಯಲ್ಲೇ ಕೂತಿತ್ತು. ಹಜಿರಾ ಬೀಯ ಮೂರು ಕೋಳಿ ನೆನಪಾದವು. ಅಜೀಮು ಕಾಳಿನ ಮಂಡಿಯಲ್ಲಿ ಚೀಲ ಹೊರುವವನು. ಯುದ್ಧದ ಲೆವಿಯೆಂದು ಕಾಳೆಲ್ಲ ಸರಕಾರಕ್ಕೆ ಹೋಗಿ ಮಂಡಿಗೆ ಬಂಡಿಯೇ ಬರುತ್ತಿರಲಿಲ್ಲ. ಗಯಾಬಾಯಿ ಕರೆದು ರೊಟ್ಟಿ ಕೊಟ್ಟರೆ, “ಉಂಡೀನ್ರಿ ಕಾಕಿ,” ಎಂದು ಅವನು ಎತ್ತಲೋ ನೋಡುತ್ತಿದ್ದ. ಹೋದ ತಿಂಗಳು ಅವನ ಅಂಗಿ ಸಡಿಲಾಗಿದೆ ಎಂದು ವೈಜಿನಾಥ ತಾನೇ ಎದೆಯ ಹತ್ತಿರ ಎರಡಿಂಚು ಒಳಗೆ ಹಿಡಿದು ಹೊಲಿದುಕೊಟ್ಟಿದ್ದ. ಎರಡಿಂಚು ಎದೆ ಎಲ್ಲಿಗೆ ಹೋಯಿತು ಎಂದು ಕೇಳಿರಲಿಲ್ಲ. ಇಡೀ ಊರು ಅವನು ಎಲ್ಲಿಗೆ ಹೋಗುತ್ತಾನೆ ಎಂದು ಬೆಳಗಿನಿಂದ ಹೊಡೆದಾಡಿತ್ತು. ಏನು ಉಣ್ಣುತ್ತಾನೆ ಎಂದು ಒಬ್ಬರೂ ಕೇಳಿರಲಿಲ್ಲ. ವೈಜಿನಾಥನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

“ಮೊಣಕಾಲು ಎರಡೂ ಬರೋಬ್ಬರಿ ಅದಾವ್ರಿ,” ಎಂದ. “ಹೊಟ್ಟಿ ಖಾಲಿ ಅದ.”

ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲಾಗಲಿಲ್ಲ. ಕಾಲರಾ ಬಂದದ್ದು, ಎತ್ತಿಲ್ಲದ ಬಂಡಿ, ನೊಗಕ್ಕೆ ಕೊಟ್ಟ ಹೆಗಲು, ಎಲ್ಲವನ್ನೂ ಹೇಳಿ ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡ. ಕಣ್ಣಿನ ಸುತ್ತ ಮತ್ತೆ ಇದ್ದಿಲು ಹತ್ತಿತು. ಸಾಹುಕಾರ ನಗಲಿಲ್ಲ. ಕಾಗದ ತೆಗೆದುಕೊಂಡು, ಅಜೀಮುದ್ದೀನ್ ತನ್ನ ತಾಯಿಯನ್ನು ಕರೆದುಕೊಂಡು ನಾಳೆಯೇ ಬರಲಿ, ಆದಿತ್ಯವಾರ ತಮ್ಮ ಟೀಮಿಗೆ ಆಡಲಿ, ಖೋಲಿ ಸಿದ್ಧವಿದೆ, ಮೊದಲ ಚೀಲ ಇವತ್ತೇ ತೂಗಿಸಿಟ್ಟಿದೆ ಎಂದು ಬರೆದು, ಮಡಿಸಿ, ವೈಜಿನಾಥನ ಕೈಗೇ ಕೊಟ್ಟ.

“ನಿನ್ನಂಥ ಮನಷ್ಯಾ ಸಾಕ್ಷಿ ಹೇಳಿದ ಮ್ಯಾಲ ನಾ ಮತ್ತ ಯಾರನ್ನೂ ಕೇಳಾಂಗಿಲ್ಲ,” ಎಂದು ವೀರಭದ್ರನ ಪ್ರಸಾದದ ತೆಂಗಿನಕಾಯಿಯನ್ನೂ ಉಡಿಗೆ ಹಾಕಿದ.

ಸಂಜೆಯ ಮೋಟಾರು ಕಲ್ಯಾಣ ಮುಟ್ಟಿದಾಗ ನಿಲ್ದಾಣದಲ್ಲಿ ಅರ್ಧ ಊರು ಸೇರಿತ್ತು. ಹಲಗೆ ಬಾರಿಸುವವರನ್ನೂ ಕರೆಸಿದ್ದರು. ವೈಜಿನಾಥ ಇಳಿಯುವ ಮೊದಲೇ ಬಂಡೆಪ್ಪ ಕಿಟಕಿಗೆ ಮುಖವಿಟ್ಟು ಕೇಳಿದ: “ಏನಾತೋ?”

“ಆ ಅಂಗಿ ಅಜೀಮುಂದಲ್ಲ. ಸಾಹುಕಾರನ ತಂಗಿ ಮಗಂದು.”

ಅಷ್ಟೇ ಸಾಕಾಯಿತು. ಹಲಗೆ ಮೊಳಗಿತು, ಚೆಂಡುಹೂವಿನ ಹಾರ ಕೊರಳಿಗೆ ಬಿತ್ತು, ನಾಲ್ಕು ಜನ ಅವನನ್ನು ಹೆಗಲಿಗೆ ಏರಿಸಿದರು. ಅಜೀಮುದ್ದೀನನನ್ನು ಬಿಟ್ಟು ಬೇರೆ ಯಾರಿಗೂ ಸಿಗದ ಹೆಗಲು ಅದು. ವೈಜಿನಾಥ ಮೇಲಿನಿಂದಲೇ, “ಅಲ್ರಿ, ಪೂರ್ತಿ ಕೇಳ್ರಿ, ಇನ್ನೊಂದು ಮಾತದ,” ಎನ್ನುತ್ತಿದ್ದ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಾಸ್ತರರ ಕಣ್ಣು ಮಾತ್ರ ಅವನ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. ಕಾಗದ ಕಂಡರೆ ಓದದೆ ಇರುವ ಜೀವವಲ್ಲ ಅದು. ಕಿತ್ತುಕೊಂಡರು. 

“ಕೇಳ್ರಿ, ಕೇಳ್ರಿ!” ಎಂದು ಎಲ್ಲರಿಗೂ ಕೇಳುವಂತೆ ಓದಿಯೇಬಿಟ್ಟರು.

ಹಲಗೆ ನಿಂತಿತು. ಏರಿಸಿದಷ್ಟು ನಾಜೂಕಾಗಿ ಅವನನ್ನು ಯಾರೂ ಇಳಿಸಲಿಲ್ಲ.

“ಮನಿ ಬೆಕ್ಕಿನ್ನ ಹಾಲು ಕಾಯಾಕ ಕಳಿಸಿದಂಗಾತಲ್ಲೋ!” ಎಂದು ಬಂಡೆಪ್ಪ ತಲೆ ಚಚ್ಚಿಕೊಂಡ. “ಹೋಗಲಾರದಂವನ್ನ ನೀನ ಹೋಗಿ ಕೊಟ್ಟು ಬಂದಿ!”

ವೈಜಿನಾಥ ಧೂಳು ಕೊಡವಿಕೊಂಡು ಎದ್ದ. ಅವನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಊರು ಹಿಂದೆ ಕೇಳಿರಲಿಲ್ಲ. “ಹೌದು, ಕೊಟ್ಟು ಬಂದೆ. ಹಜಿರಾ ಬೀ ಕೋಳಿ ಯಾಕ ಮಾರಿದಳು ಅಂತ ನಿಮ್ಮೊಳಗ ಯಾರರ ಕೇಳಿದ್ರೇನು? ಆರು ವರ್ಷ ಅಂವ ನಮಗ ಗೋಲು ಕೊಟ್ಟ, ನಾವು ಅಂವಗ ಚಪ್ಪಾಳಿ ಕೊಟ್ಟೀವಿ. ಚಪ್ಪಾಳಿ ಬೀಸಿದ್ರ ಹಿಟ್ಟು ಬರತದೇನ್ರಿ?”

ತುಳಜಾರಾಮ ನೆಲ ನೋಡಿದ. ಮಾಸ್ತರರು ಕಾಗದವನ್ನು ಮೊದಲಿದ್ದ ಹಾಗೆಯೇ ಮಡಿಸಿ ತಿರುಗಿ ಕೊಟ್ಟರು. “ಹೋಗಲಿ ಬಿಡ್ರಿ, ಹುಡುಗ ನಾಕು ತುತ್ತು ಉಂಡು ಸುಖ ಇರಲಿ,” ಎಂದು ಬಂಡೆಪ್ಪನೇ ಕೊನೆಗೆ ಹೇಳಿ ಮೂಗು ಒರೆಸಿಕೊಂಡ. ಅಲ್ಲಿಗೆ ಮುಗಿದಿದ್ದರೆ ಎಲ್ಲರೂ ಒಳ್ಳೆಯವರಾಗಿ ಮನೆಗೆ ಹೋಗುತ್ತಿದ್ದರು.

ಆದರೆ ಬಂಡೆಪ್ಪ ಸೆಕ್ರೆಟರಿ. ಮೂಗು ಒರೆಸಿದ ಕೂಡಲೇ ಅವನಿಗೆ ಆದಿತ್ಯವಾರ ನೆನಪಾಯಿತು. “ಅಜೀಮುನ ಜಾಗಾಕ್ಕ ತುಳಜಾರಾಮನ್ನ ಮುಂದ ಆಡಸಬೇಕು. ಅಂವಗ ಒಬ್ಬಗ ಒದಿಯಾಕ ಬರತದ. ಹಂಗಾದ್ರ ಗೋಲಿನ್ಯಾಗ ಯಾರು ನಿಂದ್ರೋರು?”

ಎಲ್ಲರ ಕಣ್ಣೂ ಒಟ್ಟಿಗೆ ವೈಜಿನಾಥನ ಕಡೆ ತಿರುಗಿದವು.

“ನಾನಾ? ನನಗ ನಲವತ್ತೆಂಟು ವರ್ಷ! ಹುಟ್ಟಿದಾಗಿಂದ ಚೆಂಡು ಮುಟ್ಟಿಲ್ಲ!”

“ಮುಟ್ಟೋದು ಬ್ಯಾಡ. ಅಡ್ಡ ನಿಂದ್ರು. ಜಾಗಾ ಖಾಲಿ ಮಾಡಿದಂವನ ಅದನ್ನ ತುಂಬಬೇಕು,” ಎಂದರು ಮಾಸ್ತರರು. ಅದು ನ್ಯಾಯವೆಂದು ಎಲ್ಲರಿಗೂ ಅನ್ನಿಸಿತು. ತುಳಜಾರಾಮ ಅವನನ್ನು ಪಕ್ಕಕ್ಕೆ ಕರೆದು, ಹೋದ ವರ್ಷ ಅಭ್ಯಾಸದಲ್ಲಿ ಅಜೀಮು ಒದ್ದ ಚೆಂಡು ಎದೆಗೆ ತಾಗಿ ತಾನು ಮೂರು ದಿನ ಗಂಜಿ ಕುಡಿದದ್ದನ್ನು ಪ್ರೀತಿಯಿಂದ ವಿವರಿಸಿದ.

ವೈಜಿನಾಥ ಮನೆಗೆ ಬರುವ ಹೊತ್ತಿಗೆ ಅಜೀಮುದ್ದೀನನೂ ಹಜಿರಾ ಬೀಯೂ ಕಟ್ಟೆಯ ಮೇಲೆ ಕಾಯುತ್ತಿದ್ದರು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಕಾಗದವನ್ನು ಕೈಗಿತ್ತಾಗ ಅಜೀಮು ಅದನ್ನು ಓದಲಿಲ್ಲ. ಕಣ್ಣಿಗೊತ್ತಿಕೊಂಡು, ಬಗ್ಗಿ ವೈಜಿನಾಥನ ಕಾಲು ಮುಟ್ಟಿದ. ಹಜಿರಾ ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಅಲ್ಲಾ ನಿಮಗ ನೂರು ವರ್ಷ ಕೊಡ್ಲಿ ಭಾಯಿ,” ಎಂದು ಅತ್ತಳು. ಗಯಾಬಾಯಿಯೂ ಅತ್ತಳು, ಈ ಸಲ ಬಾಯಿ ಮುಚ್ಚಿಕೊಳ್ಳದೆ. ಎಲ್ಲರಿಗೂ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅಜೀಮು ಅವತ್ತು “ಉಂಡೀನ್ರಿ ಕಾಕಿ” ಎನ್ನಲಿಲ್ಲ. ಐದು ರೊಟ್ಟಿ ತಿಂದ. ಅವನು ತಿನ್ನುವುದನ್ನು ನೋಡುತ್ತ ವೈಜಿನಾಥನಿಗೆ ಹೊಟ್ಟೆ ತುಂಬಿತು. ಬಂಡಿ ಎಳೆದ ಆ ಹೆಗಲಿಗೆ ತಾನೂ ಇಷ್ಟಾದರೂ ಮಾಡಿದೆನಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದ.

ಕೈ ತೊಳೆಯುವಾಗ ಅಜೀಮು ತಗ್ಗಿದ ದನಿಯಲ್ಲಿ ಕೇಳಿದ: “ಕಾಕಾ, ಆದಿತ್ಯವಾರ ಗೋಲಿನ್ಯಾಗ ನೀವು ನಿಂದ್ರತೀರಂತ, ಖರೇ ಏನ್ರಿ?”

“ಖರೇ ಅದಪಾ.” ವೈಜಿನಾಥನಿಗೆ ಒಂದು ಆಸೆ ಮೂಡಿತು. “ಅಜೀಮು, ನೀ ಸ್ವಲ್ಪ... ಮೆಲ್ಲಕ ಒದ್ದರ...”

ಅಜೀಮುದ್ದೀನನ ಕಣ್ಣಲ್ಲಿ ನೀರು ಬಂತು.

“ಆಗಾಂಗಿಲ್ಲ ಕಾಕಾ. ಉಪ್ಪು ಉಂಡ ಮನಿಗೆ ಎರಡು ಬಗಿಬಾರದು. ನೀವು ದೇವರ ಮುಂದ ಖರೇ ಹೇಳಿದ್ದಕ್ಕ ನನಗ ಜೋಳ ಸಿಕ್ಕದ. ನಾ ಹೊಸಾ ಸಾಹುಕಾರಗ ಸುಳ್ಳು ಆಟ ಆಡಿದ್ರ ನಿಮ್ಮ ಮಾತ ಸುಳ್ಳಾಗತದ. ನಾ ಜೋರ ಒದಿತೀನಿ.” ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕಿವಿಯ ಹತ್ತಿರ ಬಗ್ಗಿದ. “ಆದ್ರ ನಿಮ್ಮ ಉಪಕಾರ ಜಿಂದಗಿ ತನಕ ಮರ್ಯಾಂಗಿಲ್ಲ. ಅದಕ್ಕ ಒಂದು ಮಾತು ಹೇಳಿರತೀನಿ. ನಾ ಕಾಲು ಎತ್ತಿದೆ ಅಂದಕೂಡ್ಲೆ ನೀವು ಚೆಂಡಿನ ಕಡಿ ನೋಡಬ್ಯಾಡ್ರಿ. ನೆಲಕ್ಕ ಮಲಕೊಂಡುಬಿಡ್ರಿ.”

ವೈಜಿನಾಥ ಕೃತಜ್ಞತೆಯಿಂದ ಅವನ ಎರಡೂ ಕೈ ಹಿಡಿದುಕೊಂಡ.

“ಬೋರಲ ಮಲಗಲ್ಯೋ, ಅಂಗಾತ ಮಲಗಲ್ಯೋ?”

“ಬೋರಲ, ಕಾಕಾ,” ಎಂದ ಅಜೀಮು. “ಕನ್ನಡಕ ಮನ್ಯಾಗ ಇಟ್ಟು ಬರ್ರಿ.”